38ನೇ ಪುಟದ ಬಸ್ ಟಿಕೆಟ್

ಯುಗಾದಿಗೆ ಮುಂಚೆ ಮನೆಗೆ ಬಣ್ಣ ಹೊಡೆಸಿದೆವು. ಹಾಲ್‌ನಲ್ಲಿದ್ದ ಎರಡು ಕಬ್ಬಿಣದ ರ‍್ಯಾಕ್ ಖಾಲಿ ಮಾಡಲೇಬೇಕಾಯಿತು. ಪುಸ್ತಕಗಳನ್ನೆಲ್ಲ ಇಳಿಸಿ ಒಳಮನೆಯ ಚಾಪೆ ಮೇಲೆ ಹರವಿದೆವು. ಮಗಳು ಒಂದು ಪುಸ್ತಕ ಬಿಡಿಸಿದಳು. ನಡುವೆ ಬಸ್ ಟಿಕೆಟ್ ಇತ್ತು. ಆ ಮೆಷಿನ್ ಟಿಕೆಟ್‌ನ ಅಕ್ಷರ ನಿಲ್ಲೋದಿಲ್ಲವಲ್ಲ, ಪೂರ್ತಿ ಬೆಳ್ಳಗಾಗಿತ್ತು. ಎಲ್ಲಿಂದ ಎಲ್ಲಿಗೆ ಹೋಗಿದ್ದೆ, ಯಾವ ವರ್ಷ, ಒಂದೂ ಗೊತ್ತಾಗಲಿಲ್ಲ. ಗೊತ್ತಾಗಿದ್ದು ಇಷ್ಟೇ: ಟಿಕೆಟ್ ಇದ್ದದ್ದು 38ನೇ ಪುಟದಲ್ಲಿ.

ಇನ್ನೊಂದು ಪುಸ್ತಕ ತೆಗೆದಳು. ಕೆಮ್ಮಿನ ಸಿರಪ್ಪಿನ ಪಾಂಪ್ಲೆಟ್. 44ನೇ ಪುಟ. ಮತ್ತೊಂದರಲ್ಲಿ ಮದುವೆ ಕರೆಯೋಲೆಯ ತುಂಡು, 31. ಮಗಳು ಸೆಕೆಂಡ್ ಪಿಯುಸಿ, ಸೈನ್ಸ್. ಇಂಥದ್ದು ಸಿಕ್ಕರೆ ಬಿಡುವವಳಲ್ಲ. ಒಂದು ರಫ್ ನೋಟ್‌ಬುಕ್ ತಂದು ಮೂರು ಕಾಲಂ ಎಳೆದಳು. ಓದಿದ್ದು, ಅರ್ಧ ಓದಿದ್ದು, ಮುಟ್ಟದೇ ಇದ್ದದ್ದು. ಮಧ್ಯಾಹ್ನದ ಹೊತ್ತಿಗೆ ಲೆಕ್ಕ ಸಿಕ್ಕಿತು. ಒಟ್ಟು 412. ಓದಿ ಮುಗಿಸಿದ್ದು 171. ಮುಟ್ಟದೇ ಇದ್ದದ್ದು 153. ಅರ್ಧಕ್ಕೆ ಬಿಟ್ಟದ್ದು 88. ಈ 88ರಲ್ಲಿ ಗುರುತು ಸಿಕ್ಕಿದವುಗಳಲ್ಲಿ ಬಹುಪಾಲು ನಿಂತಿದ್ದು 30ರಿಂದ 50ನೇ ಪುಟದ ನಡುವೆ.

"ಅಪ್ಪ, ನಿಂದು ಅರ್ಧ ಓದಿದ್ದೂ ಅಲ್ಲ. ಹತ್ತರಲ್ಲೊಂದು ಪಾಲು ಓದಿದ್ದು," ಅಂದಳು. ಅವಳಮ್ಮ ಅಡುಗೆಮನೆಯಿಂದ ನಕ್ಕಿದ್ದು ಕೇಳಿಸಿತು.

ನಾನು ದಾವಣಗೆರೆಯಲ್ಲಿ ಮೆಡಿಕಲ್ ರೆಪ್, ಅಂದರೆ ಕಂಪನಿಯ ಔಷಧಿಗಳ ಬಗ್ಗೆ ಡಾಕ್ಟರುಗಳಿಗೆ ಹೇಳುವವನು. ಹತ್ತೊಂಬತ್ತು ವರ್ಷವಾಯಿತು ಬ್ಯಾಗ್ ಹೊತ್ತು. ಹರಿಹರ, ರಾಣೆಬೆನ್ನೂರು, ಹೊನ್ನಾಳಿ, ಚನ್ನಗಿರಿ, ಜಗಳೂರು ನನ್ನ ಸುತ್ತು. ನಮ್ಮ ಕೆಲಸದಲ್ಲಿ ಮಾತಾಡೋದು ಎರಡು ನಿಮಿಷ, ಕಾಯೋದು ಒಂದು ಗಂಟೆ. ಪೇಷಂಟ್‌ಗಳೆಲ್ಲ ಮುಗಿದ ಮೇಲೆ ಡಾಕ್ಟರು ನಮ್ಮನ್ನು ಕರೆಯುತ್ತಾರೆ. ಒಂದೊಂದು ಕಡೆ ನಮಗಾಗಿ ವಾರಕ್ಕೊಂದೇ ದಿನ, ಅದೂ ರಾತ್ರಿ ಒಂಬತ್ತರ ಮೇಲೆ. ಜೊತೆಯವರು ಮೊಬೈಲ್ ನೋಡುತ್ತಾರೆ, ಟಾರ್ಗೆಟ್ ಬಗ್ಗೆ ಗೊಣಗುತ್ತಾರೆ. ನಾನು ಪುಸ್ತಕ ತೆಗೆಯುತ್ತೇನೆ. ಹಾಗಾಗಿ ನಮ್ಮ ಗುಂಪಿನಲ್ಲಿ ನನ್ನನ್ನು 'ಮೇಷ್ಟ್ರು' ಅಂತಾರೆ. ಆ ಹೆಸರನ್ನು ನಾನೇ ನಂಬಿಕೊಂಡು ಬಿಟ್ಟಿದ್ದೆ ಅಂತ ಕಾಣುತ್ತದೆ. 38ನೇ ಪುಟ ನೋಡಿದ ದಿನ ಆ ಬಲೂನು ಟುಸ್ ಅಂತು.

ಸಿಟ್ಟು ಬಂದಾಗ ಮನುಷ್ಯ ದುಡ್ಡು ಖರ್ಚು ಮಾಡುತ್ತಾನೆ. ಎರಡು ವಾರ ಕಳೆದ ಮೇಲೆ ಸ್ಪೀಡ್ ರೀಡಿಂಗ್ ವರ್ಕ್‌ಶಾಪ್ ಒಂದಕ್ಕೆ ಸೇರಿದೆ. ಭಾನುವಾರ, ಒಂದು ಹೋಟೆಲಿನ ಹಾಲ್, ಫೀಸು 3,500 ರೂಪಾಯಿ, ಊಟ ಸೇರಿ. ಪುಟದ ನಡುವೆ ಬೆರಳು ಎಳೆಯಿರಿ, ಬೆರಳಿನ ಹಿಂದೆ ಕಣ್ಣು ಓಡಲಿ, ಮನಸ್ಸಿನೊಳಗೆ ಉಚ್ಚರಿಸಬೇಡಿ, ಹಿಂದಕ್ಕೆ ಹೋಗಬೇಡಿ. ಇವು ಅವರ ನಾಲ್ಕು ಮಂತ್ರ. ಸಂಜೆ ಹೊತ್ತಿಗೆ ನನ್ನ ವೇಗ ನಿಮಿಷಕ್ಕೆ 900 ಪದ ಅಂತ ಸರ್ಟಿಫಿಕೇಟ್ ಕೊಟ್ಟರು. ಖುಷಿಯಾಗಿ ಮನೆಗೆ ಬಂದು, ಹೆಂಡತಿ ಆಗಷ್ಟೇ ಓದಿ ಮುಗಿಸಿದ್ದ ಒಂದು ಕಾದಂಬರಿ ಹಿಡಿದು, ಒಂದೂವರೆ ಗಂಟೆಯಲ್ಲಿ ಎಳೆದು ಹಾಕಿದೆ.

"ಮುಗೀತಾ? ಹಂಗಾರೆ ಆ ತಂಗಿ ಯಾಕೆ ಮನೆ ಬಿಟ್ಟು ಹೋದ್ಲು ಹೇಳ್ರೀ," ಅಂದಳು.

ತಂಗಿ? ಆ ಕತೆಯಲ್ಲಿ ತಂಗಿ ಇದ್ದದ್ದೇ ನನಗೆ ಗೊತ್ತಿರಲಿಲ್ಲ.

ಆಮೇಲೆ ಈ ವಿಷಯದ ಬಗ್ಗೆ ಸ್ವಲ್ಪ ಹುಡುಕಿ ಓದಿದೆ. ಔಷಧಿ ಮಾರುವವನಿಗೆ ಒಂದು ಅಭ್ಯಾಸ ಇರುತ್ತದೆ, ಯಾರಾದರೂ ಗುಣ ಹೇಳಿದರೆ ಟ್ರಯಲ್ ಏನಾಗಿದೆ ಅಂತ ಕೇಳೋದು. ಅದನ್ನು 3,500 ಕೊಡೋಕೆ ಮುಂಚೆ ಮಾಡಬೇಕಿತ್ತು, ಬಿಡಿ. ಓದುವಾಗ ಕಣ್ಣು ಸರಾಗವಾಗಿ ಜಾರೋದಿಲ್ಲವಂತೆ. ಜಿಗಿದು ಜಿಗಿದು ನಿಲ್ಲುತ್ತದೆ. ಪ್ರತಿ ನಿಲುಗಡೆ ಹೆಚ್ಚುಕಡಿಮೆ ಕಾಲು ಸೆಕೆಂಡು. ನಿಂತಾಗ ಸ್ಪಷ್ಟವಾಗಿ ಕಾಣೋದು ಕೆಲವೇ ಅಕ್ಷರ, ಸುತ್ತಲಿನದೆಲ್ಲ ಮಸುಕು. ಹಾಗಾಗಿ ಇಡೀ ಪುಟವನ್ನು ಫೋಟೋ ತೆಗೆದ ಹಾಗೆ ಓದೋದು ಕಣ್ಣಿನಿಂದ ಆಗದ ಕೆಲಸ. ಕಣ್ಣಿನ ಚಲನೆಯ ಮೇಲೆ ಜೀವಮಾನವಿಡೀ ಕೆಲಸ ಮಾಡಿದ ಕೀತ್ ರೇನರ್ ಮತ್ತು ಅವರ ಜೊತೆಗಾರರು 2016ರಲ್ಲಿ ಅದುವರೆಗಿನ ಸಂಶೋಧನೆಯನ್ನೆಲ್ಲ ಒಟ್ಟುಗೂಡಿಸಿ ಬರೆದಿದ್ದಾರೆ. ವೇಗ ಏರಿಸಿದರೆ ಗ್ರಹಿಕೆ ಇಳಿಯುತ್ತದೆ, ಎರಡೂ ಒಟ್ಟಿಗೆ ಸಿಗೋದಿಲ್ಲ. ಒಳದನಿಯನ್ನು ಅದುಮಿದರೂ ಅರ್ಥ ತಪ್ಪುತ್ತದೆ. ವೇಗ ನಿಜವಾಗಿ ಬರಬೇಕೆಂದರೆ ಭಾಷೆ ಗಟ್ಟಿಯಾಗಬೇಕು, ಅಂದರೆ ಜಾಸ್ತಿ ಓದಬೇಕು. ಇದನ್ನು ಹೇಳೋಕೆ ಹೋಟೆಲ್ ಹಾಲ್ ಬೇಕಿರಲಿಲ್ಲ.

ಇನ್ನೊಂದು. ಬೆಲ್ಜಿಯಂನ ಮಾರ್ಕ್ ಬ್ರಿಸ್‌ಬಾರ್ಟ್ 2019ರಲ್ಲಿ 190 ಅಧ್ಯಯನಗಳನ್ನು ಸೇರಿಸಿ ನೋಡಿದಾಗ, ಇಂಗ್ಲಿಷ್ ಓದುವ ದೊಡ್ಡವರ ಸರಾಸರಿ ನಿಮಿಷಕ್ಕೆ 238 ಪದ ಬಂತು. ಕತೆ ಕಾದಂಬರಿಯಲ್ಲದ ಬರಹಕ್ಕೆ ಈ ಲೆಕ್ಕ. ನಾನು ಕುತೂಹಲಕ್ಕೆ ನನ್ನದನ್ನು ಅಳೆದೆ. ಕನ್ನಡ ಕಾದಂಬರಿ, ಡೆಮಿ ಸೈಜ್, ಪುಟಕ್ಕೆ 28 ಸಾಲು, ಸಾಲಿಗೆ ಏಳು ಪದದಂತೆ 196 ಪದ. ಒಂದು ಪುಟಕ್ಕೆ ಒಂದು ನಿಮಿಷ 40 ಸೆಕೆಂಡು. ಅಂದರೆ ನಿಮಿಷಕ್ಕೆ 118 ಪದ! ಇಂಗ್ಲಿಷಿನವರ ಅರ್ಧ! ಒಂದು ದಿನ ಪೂರ್ತಿ ಮುಖ ಸಪ್ಪೆ ಮಾಡಿಕೊಂಡು ತಿರುಗಿದೆ. ಆಮೇಲೆ ಹೊಳೆಯಿತು. "ಹೋಗಬೇಕಾಗಿತ್ತಂತೆ" ಅನ್ನೋದು ನಮಗೆ ಒಂದು ಪದ. ಅದನ್ನೇ ಇಂಗ್ಲಿಷಿನಲ್ಲಿ ಹೇಳಲು ಐದಾರು ಪದ ಬೇಕು. ಗಾಡಿ ಎಷ್ಟು ಅಂತ ಎಣಿಸಿದರೆ ಸಾಲದು, ಒಳಗೆ ಎಷ್ಟು ಜನ ಕೂತಿದ್ದಾರೆ ಅಂತಲೂ ನೋಡಬೇಕು. ಹಾಗಾಗಿ ಕನ್ನಡ ಓದುವವರು ನಿಮಿಷಕ್ಕೆ ಇಷ್ಟು ಪದ ಅನ್ನೋ ಆ್ಯಪ್‌ಗಳನ್ನು ನಂಬಿ ತಲೆ ಕೆಡಿಸಿಕೊಳ್ಳಬೇಡಿ.

ಅಷ್ಟು ಹೊತ್ತಿಗೆ ನನಗೆ ಒಂದು ವಿಷಯ ತಿಳಿಯತೊಡಗಿತ್ತು. ನನ್ನ ತೊಂದರೆ ಕಣ್ಣಿನದಲ್ಲ. ಈ ಪುಸ್ತಕ ನನಗೆ ಬೇಕೋ ಬೇಡವೋ ಅನ್ನೋ ತೀರ್ಮಾನವನ್ನು ಅಂಗಡಿಯಲ್ಲಿ ಮಾಡಬೇಕಿತ್ತು. ನಾನು ಅದನ್ನು ಮನೆಗೆ ತಂದು, 40ನೇ ಪುಟದಲ್ಲಿ, ಯಾವುದೋ ಡಾಕ್ಟರ ಕ್ಲಿನಿಕ್ಕಿನ ಬೆಂಚಿನ ಮೇಲೆ ಮಾಡುತ್ತಿದ್ದೆ.

ಯಾಕೆ ಹಾಗಾಗುತ್ತಿತ್ತು ಅಂದರೆ ಕೊಳ್ಳುವ ರೀತಿಯೇ ಹಾಗಿತ್ತು. 2023ರ ಜನವರಿಯಲ್ಲಿ ಹಾವೇರಿಯಲ್ಲಿ 86ನೇ ಸಾಹಿತ್ಯ ಸಮ್ಮೇಳನ ನಡೆಯಿತಲ್ಲ, ಪಕ್ಕದ ಜಿಲ್ಲೆ, ಹೋಗದೇ ಇರೋಕಾಗುತ್ತಾ? ಪುಸ್ತಕ ಮಳಿಗೆಗಳಲ್ಲಿ ಕಾಲಿಡೋಕೆ ಜಾಗ ಇರಲಿಲ್ಲ. ಹಿಂದಿನಿಂದ ಜನ ದೂಡುತ್ತಿದ್ದಾರೆ, ಮುಂದೆ ರಿಯಾಯಿತಿ ಅಂತ ಬೋರ್ಡು. ಮುಖಪುಟ ನೋಡು, ಹೆಸರು ನೋಡು, ಚೀಲಕ್ಕೆ ಹಾಕು. 23 ಪುಸ್ತಕ ತಂದೆ. ಇವತ್ತಿಗೆ ಓದಿರೋದು ನಾಲ್ಕು. ಅದಕ್ಕಿಂತ ಮೋಸದವು ಅಂದರೆ ಬಿಡುಗಡೆ ಸಮಾರಂಭದಲ್ಲಿ ಸಂಕೋಚಕ್ಕೆ ಕೊಂಡ ಪುಸ್ತಕಗಳು. ಲೇಖಕರು ಎದುರಿಗೇ ನಿಂತು "ತಮ್ಮ ಹೆಸರು?" ಅಂತ ಪೆನ್ನು ತೆಗೆದರೆ ಬೇಡ ಅನ್ನೋಕೆ ಬಾಯಿ ಬರುತ್ತದೆಯೇ? ಮುಟ್ಟದ 153ರಲ್ಲಿ ಸಹಿ ಇರುವವೇ 40ರ ಮೇಲಿವೆ. ಅದರಲ್ಲಿ ಮುಕ್ಕಾಲು ಪಾಲು ಕವನ ಸಂಕಲನ.

ಹಾವೇರಿ ಅಂದಾಗ ಗಳಗನಾಥರು ನೆನಪಾದರು. ಅವರ ಊರು ಗಳಗನಾಥ ಹಾವೇರಿ ಜಿಲ್ಲೆಯಲ್ಲೇ ಇದೆ, ವರದಾ ನದಿ ತುಂಗಭದ್ರೆಯನ್ನು ಸೇರುವ ಜಾಗ. ಕಾದಂಬರಿ ಬರೆದು, ಅದನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಬ್ಯಾಗ್ ಹೊತ್ತು ಮನೆ ಮನೆ ತಿರುಗೋದರಲ್ಲಿ ಅವರು ನಮ್ಮ ಕಸುಬಿನ ಮೂಲಪುರುಷರು ಅಂತ ನಾನು ತಮಾಷೆ ಮಾಡುತ್ತಿರುತ್ತೇನೆ. ಅವರ ಕಾಲದಲ್ಲಿ ಪುಸ್ತಕ ಜನರ ಮನೆಬಾಗಿಲಿಗೆ ಬಂದಾಗ ಬಿಚ್ಚಿ, ನೋಡಿ, ಚೌಕಾಸಿ ಮಾಡಿ ಕೊಳ್ಳಲು ಪುರಸೊತ್ತು ಇತ್ತು. ನಮಗೆ ಮೊಬೈಲಿನಲ್ಲಿ ಮುಖಪುಟದ ಚಿತ್ರ, ಕೆಳಗೆ ಐದು ನಕ್ಷತ್ರ.

ಈಗ ನಾನು ಒಂದು ಪುಸ್ತಕಕ್ಕೆ ಕೊಳ್ಳುವ ಮುಂಚೆ ಇಪ್ಪತ್ತು ನಿಮಿಷ ಕೊಡುತ್ತೇನೆ. ಅಂಗಡಿಯವರು ಮೊದಮೊದಲು ಹುಬ್ಬು ಗಂಟಿಕ್ಕುತ್ತಿದ್ದರು. ಈಗ ಸ್ಟೂಲ್ ಕೊಡುತ್ತಾರೆ.

ಬೆನ್ನುಡಿ ಓದೋದಿಲ್ಲ. ಕನ್ನಡದಲ್ಲಿ ಕೆಟ್ಟ ಬೆನ್ನುಡಿ ಬರೆದವರು ಇದುವರೆಗೆ ಹುಟ್ಟಿಲ್ಲ. ಎಲ್ಲ ಪುಸ್ತಕವೂ ಅಲ್ಲಿ ಮೈಲಿಗಲ್ಲೇ. ಮುನ್ನುಡಿಯನ್ನೂ ಬಿಡುತ್ತೇನೆ, ಅದರಲ್ಲೂ ಕಾದಂಬರಿಯಾದರೆ ಮುನ್ನುಡಿ ಬರೆದವರು ಇಡೀ ಕತೆ ಹೇಳಿ ಕೈ ತೊಳೆದುಕೊಂಡಿರುತ್ತಾರೆ. ಲೇಖಕರ ಅರಿಕೆ ಮಾತ್ರ ಓದುತ್ತೇನೆ. ಅಲ್ಲಿ ಒಂದೆರಡು ಕಡೆ ನಿಜ ಹೊರಬೀಳುತ್ತದೆ. "ಪತ್ರಿಕೆಯ ಅಂಕಣಗಳನ್ನು ಒಟ್ಟುಗೂಡಿಸಿದ್ದೇನೆ" ಅಂತ ಇದ್ದರೆ ನೂರು ಪುಟ ಆದಮೇಲೆ ಅದೇ ಮಾತು ಮತ್ತೆ ಬರುತ್ತದೆ ಅಂತ ತಿಳಿದುಕೊಳ್ಳಬಹುದು. ಅಂಥವನ್ನು ಕೊಳ್ಳಬಾರದು ಅಂತಲ್ಲ. ಅವನ್ನು ಒಂದೇ ಉಸಿರಿಗೆ ಓದಬಾರದು, ದಿನಕ್ಕೊಂದರಂತೆ ಓದಬೇಕು.

ಆಮೇಲೆ ಮುದ್ರಣದ ವಿವರ ಇರುವ ಪುಟ. ನಮ್ಮ ಕನ್ನಡ ಪುಸ್ತಕಗಳ ಈ ಪುಟದ ಮೇಲೆ ನನಗೆ ವಿಶೇಷ ಪ್ರೀತಿ. ಬಳಸಿದ ಕಾಗದ 70 ಜಿಎಸ್‌ಎಂ (ಇದು ಕಾಗದದ ತೂಕ) ಮ್ಯಾಪ್‌ಲಿಥೊ, ಪ್ರತಿಗಳು 1000, ಡೆಮಿ 1/8, ಮುಖಪುಟ ಯಾರದು, ಎಲ್ಲ ಬರೆದಿರುತ್ತಾರೆ. ನಮ್ಮ ಔಷಧಿ ಸ್ಟ್ರಿಪ್ಪಿನ ಹಿಂದೆ ಬ್ಯಾಚ್ ನಂಬರ್, ತಯಾರಾದ ತಿಂಗಳು ಇದ್ದ ಹಾಗೆ. ನಾನು ನೋಡೋದು ಮುದ್ರಣಗಳ ಸಾಲು. ಮೊದಲ ಮುದ್ರಣ ಯಾವಾಗ, ಎರಡನೆಯದು ಯಾವಾಗ. ಒಂದೇ ವರ್ಷದಲ್ಲಿ ಐದು ಮುದ್ರಣ ಕಂಡಿದ್ದರೆ ಅದಕ್ಕೆ ಗದ್ದಲ ಕಾರಣ ಇರಬಹುದು, ಪಠ್ಯವಾಗಿರಬಹುದು. ಮೂವತ್ತು ವರ್ಷದಲ್ಲಿ ನಿಧಾನವಾಗಿ ಎಂಟು ಕಂಡಿದ್ದರೆ ಯಾರೋ ಒಬ್ಬರು ಇನ್ನೊಬ್ಬರಿಗೆ ಹೇಳುತ್ತಲೇ ಬಂದಿದ್ದಾರೆ ಅಂತ ಲೆಕ್ಕ. ಇದು ತಪ್ಪದ ಸೂತ್ರವೇನಲ್ಲ. ಒಂದೇ ಮುದ್ರಣ ಕಂಡು ಮರೆಯಾದ ಒಳ್ಳೆ ಪುಸ್ತಕಗಳೂ ನನ್ನ ರ‍್ಯಾಕಿನಲ್ಲಿವೆ.

ಮಾಹಿತಿಯ ಪುಸ್ತಕ ಆದರೆ ನನಗೆ ಗೊತ್ತಿರುವ ವಿಷಯದ ಪುಟವನ್ನೇ ಮೊದಲು ತೆಗೆಯುತ್ತೇನೆ. ಇದು ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು, ಅದಕ್ಕೇ ಒಂದು ಉದಾಹರಣೆ ಹೇಳುತ್ತೇನೆ. ಕಳೆದ ವರ್ಷ ಸಕ್ಕರೆ ಕಾಯಿಲೆ ಬಗ್ಗೆ ಒಂದು ಪುಸ್ತಕ ಕೈಗೆ ಬಂತು. ಮುಖಪುಟ ಚೆಂದ, ಬರೆದವರ ಹೆಸರಿನ ಮುಂದೆ ಮೂರು ಪದವಿ. ನಾನು ಪರಿವಿಡಿಯಲ್ಲಿ ಮೆಟ್‌ಫಾರ್ಮಿನ್ ಹುಡುಕಿದೆ. ನಾನು ಹತ್ತೊಂಬತ್ತು ವರ್ಷದಿಂದ ಆ ಮಾತ್ರೆಯ ಬಗ್ಗೆ ಮಾತಾಡುತ್ತಿದ್ದೇನೆ. ಅದು ಲಿವರ್ ತಯಾರಿಸುವ ಸಕ್ಕರೆಯನ್ನು ತಗ್ಗಿಸುತ್ತದೆ. ಊಟದ ಜೊತೆ ತಗೊಂಡರೆ ಹೊಟ್ಟೆ ಕೆಡೋದು ಕಡಿಮೆ. ಕಿಡ್ನಿ ಮೊದಲೇ ಸೋತಿದ್ದರೆ ಡಾಕ್ಟರು ಡೋಸ್ ತಗ್ಗಿಸುತ್ತಾರೆ, ಇಲ್ಲವೇ ನಿಲ್ಲಿಸುತ್ತಾರೆ. ಆ ಪುಸ್ತಕದಲ್ಲಿ ಏನಿತ್ತು ಗೊತ್ತಾ? "ಈ ಮಾತ್ರೆಯಿಂದಲೇ ಕಿಡ್ನಿ ಹಾಳಾಗುತ್ತದೆ" ಅಂತ. ಹಳ್ಳಿಯ ಕಟ್ಟೆಯ ಮೇಲೆ ಕೇಳುವ ಮಾತನ್ನೇ ಅಚ್ಚು ಹಾಕಿಸಿದ್ದಾರೆ. ಕಿಡ್ನಿ ಹಾಳು ಮಾಡೋದು ಹದ್ದುಬಸ್ತಿಗೆ ಬಾರದ ಸಕ್ಕರೆ. ಗೊತ್ತಿರೋದೇ ತಪ್ಪಾಗಿದ್ದರೆ ಗೊತ್ತಿಲ್ಲದ್ದನ್ನು ಹೇಗೆ ನಂಬಲಿ? ವಾಪಸ್ ಇಟ್ಟೆ. ಐದು ನಿಮಿಷದ ಕೆಲಸ.

ನೀವು ರೈತರಾದರೆ ನಿಮ್ಮ ಬೆಳೆಯ ಪುಟ ತೆಗೆಯಿರಿ. ಊರಿನ ಇತಿಹಾಸದ ಪುಸ್ತಕವಾದರೆ ನಿಮ್ಮ ಓಣಿಯ ಬಗ್ಗೆ ಏನು ಬರೆದಿದ್ದಾರೆ ನೋಡಿ. ಇಲ್ಲಿ ಒಂದು ಜಗಳ ನನ್ನದು ಪ್ರಕಾಶಕರ ಜೊತೆ. ಕನ್ನಡದ ಮಾಹಿತಿ ಪುಸ್ತಕಗಳಲ್ಲಿ ಕೊನೆಗೆ ಪದಸೂಚಿ ಇರೋದೇ ಅಪರೂಪ. ನನಗೆ ಬೇಕಾದ ವಿಷಯ ಯಾವ ಪುಟದಲ್ಲಿದೆ ಅಂತ ಹುಡುಕೋಕೆ 300 ಪುಟ ಮಗುಚಬೇಕು. ಕಾಗದದ ತೂಕ ಎಷ್ಟು ಅಂತ ಬರೆಯುವವರು ಎರಡು ಪುಟ ಪದಸೂಚಿ ಹಾಕಬಾರದೇ?

ಅನುವಾದವಾದರೆ ಒಂದು ಪ್ಯಾರಾ ತುಟಿಯಲ್ಲೇ ಓದಿಕೊಳ್ಳುತ್ತೇನೆ. ಮೊನ್ನೆ ಒಂದರಲ್ಲಿ "ಅವನು ತನ್ನ ಭುಜಗಳನ್ನು ಕುಣಿಸಿದನು" ಅಂತ ಇತ್ತು. ದಾವಣಗೆರೆಯಲ್ಲಿ ಹತ್ತೊಂಬತ್ತು ವರ್ಷದಲ್ಲಿ ಒಬ್ಬರೂ ಭುಜ ಕುಣಿಸಿದ್ದನ್ನು ನಾನು ನೋಡಿಲ್ಲ, ಗಣಪತಿ ಮೆರವಣಿಗೆ ಬಿಟ್ಟು. ಅಂಥ ಪುಸ್ತಕ ಓದುವಾಗ ಪ್ರತಿ ಸಾಲನ್ನೂ ಮತ್ತೆ ನಾವೇ ಅನುವಾದ ಮಾಡಿಕೊಳ್ಳಬೇಕು. ಓದು ನಿಧಾನ ಆಗೋದು ಅಲ್ಲಿ.

ಕಾದಂಬರಿಗೆ ಬೇರೆ ಪರೀಕ್ಷೆ. ಮೊದಲ ಪುಟವನ್ನು ಎಲ್ಲರೂ ತಿದ್ದಿ ತಿದ್ದಿ ಬರೆದಿರುತ್ತಾರೆ. ಹಾಗಾಗಿ 40ನೇ ಪುಟ ತೆಗೆದು ನಾಲ್ಕು ಪುಟ ಓದುತ್ತೇನೆ. ಯಾರು ಯಾರು ಅಂತ ಗೊತ್ತಾಗೋದಿಲ್ಲ, ಪರವಾಗಿಲ್ಲ. ಮುಂದೆ ಏನು ಅಂತ ಅನ್ನಿಸಿದರೆ ಸಾಕು. 40 ಯಾಕೆ ಅಂತ ಕೇಳಬೇಡಿ, ನನ್ನ ಸ್ಮಶಾನ ಅದೇ ತಾನೇ.

ಇಷ್ಟಾದರೂ ತಪ್ಪು ಆಗುತ್ತದೆ. ಅದಕ್ಕೆ ಲೈಬ್ರರಿ. ನಮ್ಮ ಮನೆ ಆಸ್ತಿ ತೆರಿಗೆ ರಸೀದಿಯಲ್ಲಿ ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತದೆ, ನೋಡಿದ್ದೀರಾ? 1965ರ ಗ್ರಂಥಾಲಯ ಕಾಯ್ದೆಯ ಕೆಳಗೆ ಬರುವ ಕರ, ಈಗ ತೆರಿಗೆಯ ಶೇ 6. ಪ್ರತಿ ವರ್ಷ ಕಟ್ಟುತ್ತಿದ್ದೆ, ಹತ್ತು ವರ್ಷ ಒಳಗೆ ಕಾಲಿಟ್ಟಿರಲಿಲ್ಲ. ಇದು ದುಡ್ಡು ಕೊಟ್ಟು ಊಟ ಮಾಡದೆ ಎದ್ದು ಬಂದ ಹಾಗೆ. ಹೆಂಡತಿ ಮೊದಲಿಂದಲೂ ಅಲ್ಲಿಯದ್ದನ್ನೇ ಓದುವವಳು. ಒಂದು ತರುತ್ತಾಳೆ, ಮುಗಿಸುತ್ತಾಳೆ, ಇನ್ನೊಂದು ತರುತ್ತಾಳೆ. ವಾಪಸ್ ಕೊಡುವ ತಾರೀಕು ಅನ್ನೋದೇ ಒಂದು ದೊಡ್ಡ ಉಪಕಾರ.

ಲೈಬ್ರರಿ ಪುಸ್ತಕದಲ್ಲಿ ಇನ್ನೊಂದು ಸುಖ ಇದೆ. ಒಳರಟ್ಟಿಗೆ ಅಂಟಿಸಿದ ತಾರೀಕಿನ ಚೀಟಿ. ಮೊನ್ನೆ ಒಂದು ಪ್ರವಾಸ ಕಥನದ ಚೀಟಿ ನೋಡಿದೆ. ನೇರಳೆ ಸೀಲುಗಳು ಒಂದರ ಮೇಲೊಂದು, ಜಾಗ ಸಾಲದೆ ಕೆಳಗೆ ಇನ್ನೊಂದು ಚೀಟಿ ಅಂಟಿಸಿದ್ದಾರೆ. ಪಕ್ಕದಲ್ಲೇ ಇದ್ದ ದಪ್ಪ ಪುಸ್ತಕ, ಪ್ರಶಸ್ತಿ ಬಂದದ್ದು, ಹನ್ನೊಂದು ವರ್ಷದಲ್ಲಿ ಎರಡು ಸೀಲು. ನಾನು ಪ್ರವಾಸ ಕಥನ ತಂದೆ. ಎರಡು ದಿನದಲ್ಲಿ ಮುಗಿಯಿತು. ಯಾವ ವಿಮರ್ಶೆಗಿಂತಲೂ ಆ ನೇರಳೆ ಸೀಲು ನನಗೆ ಹೆಚ್ಚು. ಕಂಪ್ಯೂಟರ್ ಬಂದ ಕಡೆ ಈ ಚೀಟಿ ಹೋಗಿಬಿಡುತ್ತಿದೆ, ಅದೊಂದು ಬೇಜಾರು.

ಲೈಬ್ರರಿಯ ಗೋಡೆಯ ಮೇಲೆ ಎಸ್.ಆರ್. ರಂಗನಾಥನ್ ಅವರ ಫೋಟೋ ಇದೆ. ಗಣಿತದ ಮೇಷ್ಟ್ರಾಗಿದ್ದವರು ಮದ್ರಾಸಿನಲ್ಲಿ ಗ್ರಂಥಪಾಲಕರಾಗಿ, 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರ ಬರೆದರು. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು, 1972ರಲ್ಲಿ ಅಲ್ಲೇ ತೀರಿಕೊಂಡರು. ಫೋಟೋ ಕೆಳಗೆ ಐದೂ ಸೂತ್ರ ಬರೆಸಿದ್ದಾರೆ. ನಾಲ್ಕನೆಯದು: ಓದುಗರ ಸಮಯ ಉಳಿಸಿ. ಆ ಸಾಲು ನೋಡಿದಾಗಲೆಲ್ಲ ನನ್ನ 3,500 ರೂಪಾಯಿ ನೆನಪಾಗುತ್ತದೆ.

ಇನ್ನು ಓದುವುದು. ಇದರಲ್ಲಿ ನಾನು ಹೆಚ್ಚೇನೂ ಕಂಡುಹಿಡಿದಿಲ್ಲ, ನಮ್ಮ ಕಸುಬಿನಿಂದಲೇ ಒಂದನ್ನು ಎತ್ತಿಕೊಂಡೆ. ರೆಪ್‌ಗಳಾದ ನಾವು ದಿನದ ಕೊನೆಗೆ ಡಿಸಿಆರ್ ಬರೆಯಬೇಕು, ಡೈಲಿ ಕಾಲ್ ರಿಪೋರ್ಟ್. ಯಾರನ್ನು ಭೇಟಿಯಾದೆ, ಏನು ಮಾತಾಯಿತು, ಅವರು ಏನಂದರು. ಈಗೆಲ್ಲ ಮೊಬೈಲಿನಲ್ಲೇ. ಆದರೆ ಮೊದಲು ಕೈಯಲ್ಲಿ ಬರೆಯುತ್ತಿದ್ದಾಗ ಆರು ತಿಂಗಳ ಹಿಂದೆ ಡಾಕ್ಟರು ಏನು ಹೇಳಿದರು ಅಂತ ನನಗೆ ಬಾಯಿಪಾಠ ಇರುತ್ತಿತ್ತು. ಅದೇ ಡಿಸಿಆರ್ ಅನ್ನು ಪುಸ್ತಕಕ್ಕೂ ಶುರು ಮಾಡಿದೆ. ಒಂದು ಅಧ್ಯಾಯ ಮುಗಿದ ಕೂಡಲೇ ಪುಸ್ತಕ ಮುಚ್ಚಿ, ಕಂಪನಿ ಕೊಡುವ ಸಣ್ಣ ಪ್ಯಾಡಿನಲ್ಲಿ ನಾಲ್ಕು ಸಾಲು. ಪುಸ್ತಕ ತೆಗೆದು ನೋಡುವಂತಿಲ್ಲ. ಪ್ಯಾಡಿನ ತಲೆಯ ಮೇಲೆ ಗ್ಯಾಸ್ಟ್ರಿಕ್ ಮಾತ್ರೆಯ ಹೆಸರು, ಕೆಳಗೆ ವಿಜಯನಗರದ ಇತಿಹಾಸ.

ಮೊದಲ ವಾರ ಎರಡು ಸಾಲಿಗೇ ಪೆನ್ನು ನಿಂತಿತು. ಇಪ್ಪತ್ತು ಪುಟ ಓದಿದ್ದೇನೆ, ಅರ್ಥವೂ ಆಗಿದೆ, ಆದರೆ ಬರೆಯೋಕೆ ಹೋದರೆ ಏನೂ ಇಲ್ಲ. ಓದುವಾಗ ತಲೆ ಆಡಿಸೋದಕ್ಕೂ ನೆನಪಿರೋದಕ್ಕೂ ಸಂಬಂಧವೇ ಇಲ್ಲ. ಇದನ್ನು ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ಕಾಲೇಜು ಹುಡುಗರ ಮೇಲೆ ಪರೀಕ್ಷೆ ಮಾಡಿ ತೋರಿಸಿದ್ದಾರೆ. ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರ ಕೇಳಿದಾಗ ಮುಂದಿದ್ದರು. ಓದಿ, ಮುಚ್ಚಿ, ನೆನಪಿನಿಂದ ಬರೆದವರು ಒಂದು ವಾರದ ನಂತರ ಮುಂದಿದ್ದರು. ಮಗಳಿಗೆ ಇದನ್ನು ತೋರಿಸಿದೆ. "ಅದಕ್ಕೇ ಅಪ್ಪ ಹಳೇ ಪೇಪರ್ ಸಾಲ್ವ್ ಮಾಡೋದು," ಅಂದಳು. ಅವಳಿಗೆ ಇದು ಸುದ್ದಿಯೇ ಅಲ್ಲ.

ಎಲ್ಲ ಪುಸ್ತಕಕ್ಕೂ ಡಿಸಿಆರ್ ಇಲ್ಲ, ಮತ್ತೆ. ಹಾಸ್ಯ ಬರಹಕ್ಕೆ ರಿಪೋರ್ಟ್ ಬರೆಯೋಕೆ ಕೂತರೆ ನನ್ನಂಥ ಪೆದ್ದ ಇನ್ನೊಬ್ಬ ಇಲ್ಲ. ಆರ್ಥಿಕತೆ, ಇತಿಹಾಸ, ಆರೋಗ್ಯ ಇಂಥವಕ್ಕೆ ಮಾತ್ರ. ಅವುಗಳಲ್ಲಿ ಎಲ್ಲ ಅಧ್ಯಾಯವನ್ನೂ ಓದಬೇಕು ಅನ್ನೋ ಹಠವನ್ನೂ ಬಿಟ್ಟಿದ್ದೇನೆ. ಪರಿವಿಡಿಯಲ್ಲಿ ಬೇಕಾದ ನಾಲ್ಕಕ್ಕೆ ಪೆನ್ಸಿಲ್ ಟಿಕ್ ಹಾಕಿ ಅಷ್ಟೇ ಓದಿ ಇಟ್ಟರೆ ಅದು ಓದಿದ ಪುಸ್ತಕವೇ. ಮಗಳ ನೋಟ್‌ಬುಕ್ಕಿನಲ್ಲಿ ಅದಕ್ಕೊಂದು ನಾಲ್ಕನೇ ಕಾಲಂ ಬಂದಿದೆ: 'ಆಯ್ತು ಬಿಡು'.

ಕಾದಂಬರಿಯ ವಿಷಯಕ್ಕೆ ಬಂದರೆ ಈ ದಕ್ಷತೆಯ ಮಾತೇ ನಡೆಯೋದಿಲ್ಲ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ನನ್ನ 88ರ ಪಟ್ಟಿಯಲ್ಲಿತ್ತು. ಎರಡು ಸಲ ಶುರು ಮಾಡಿ ಎರಡು ಸಲವೂ ಬಿಟ್ಟಿದ್ದೆ. ಕತೆ ಒಬ್ಬರದಲ್ಲ. ಗುತ್ತಿ ತನ್ನ ನಾಯಿ ಹುಲಿಯನ ಜೊತೆ ಹೊರಡುತ್ತಾನೆ, ಅವನ ಹಿಂದೆ ಹೋದರೆ ಹಳೆಮನೆ, ಸಿಂಬಾವಿ, ಬೆಟ್ಟಳ್ಳಿ, ಕೋಣೂರು, ಹೂವಳ್ಳಿ ಅಂತ ಮನೆ ಮೇಲೆ ಮನೆ, ಮನೆ ತುಂಬ ಜನ. ನಾನು ಬಯಲುಸೀಮೆಯವನು, ಆ ಹೆಗ್ಗಡೆ ಯಾರು ಈ ಗೌಡ ಯಾರು ಅಂತ 60 ಪುಟಕ್ಕೇ ದಾರಿ ತಪ್ಪುತ್ತಿದ್ದೆ. ಮೂರನೇ ಸಲ ಒಂದು ಹಳೇ ವಿಷುಯಲ್ ಏಡ್ ತೆಗೆದುಕೊಂಡೆ. ಡಾಕ್ಟರಿಗೆ ತೋರಿಸುವ ಹೊಳೆಯುವ ರಟ್ಟಿನ ಹಾಳೆ. ಅದರ ಹಿಂಬದಿ ಖಾಲಿ. ಟೂರ್ ಪ್ರೋಗ್ರಾಂ ಹಾಕೋ ಹಾಗೆ ಊರುಗಳನ್ನು ಬರೆದೆ, ಒಂದೊಂದು ಮನೆಗೂ ಒಂದು ಚೌಕ, ಚೌಕದೊಳಗೆ ಜನ. ಗುತ್ತಿ ತಿಮ್ಮಿ, ಐತ ಪೀಂಚಲು, ಮುಕುಂದಯ್ಯ ಚಿನ್ನಮ್ಮ. ಹೊಸಬರು ಬಂದ ಹಾಗೆ ಸೇರಿಸುತ್ತಾ ಹೋದೆ. ದಿನಕ್ಕೆ ಹತ್ತೇ ಪುಟ, ಜಾಸ್ತಿ ಇಲ್ಲ. ಏಳುನೂರು ದಾಟುವ ಪುಟಗಳು, ಎರಡೂವರೆ ತಿಂಗಳು ಹಿಡಿಯಿತು. ನೂರನೇ ಪುಟ ದಾಟಿದ ಮೇಲೆ ಆ ರಟ್ಟು ಬೇಕಾಗಲಿಲ್ಲ. ಹೊನ್ನಾಳಿಯ ಒಂದು ಕ್ಲಿನಿಕ್ಕಿನಲ್ಲಿ ನನ್ನ ಹೆಸರು ಕೂಗಿದ್ದು ಕೇಳಿಸದೆ ಸರದಿ ತಪ್ಪಿ, ಮತ್ತೆ ಮುಕ್ಕಾಲು ಗಂಟೆ ಕಾದೆ. ಕಾದದ್ದು ಒಂದು ಚೂರೂ ಬೇಸರವಾಗಲಿಲ್ಲ.

ದಿನಕ್ಕೆ ಬೆಂಚಿನ ಮೇಲೆ ನನಗೆ ಸಿಗುವ ನಿಜವಾದ ಓದು ಸುಮಾರು 50 ನಿಮಿಷ. ನನ್ನ ಆಮೆ ವೇಗದಲ್ಲೇ ಅದು 30 ಪುಟ. ತಿಂಗಳಿಗೆ 22 ದಿನ ಫೀಲ್ಡ್ ಅಂದರೆ 660 ಪುಟ, ಮಧ್ಯಮ ಗಾತ್ರದ ಮೂರು ಪುಸ್ತಕ. ಬಣ್ಣ ಹೊಡೆಸಿದ ಹಿಂದಿನ ವರ್ಷ ನಾನು ಮುಗಿಸಿದ್ದು ಒಂಬತ್ತು. ಈ ಯುಗಾದಿಗೆ ಲೆಕ್ಕ ಹಾಕಿದರೆ ಮೂವತ್ತೊಂದು. ಅದೇ ಕಣ್ಣು, ಅದೇ ಬೆಂಚು, ಅದೇ 118 ಪದ. ಬ್ಯಾಗಿನಲ್ಲಿ ಇರೋದು ಬದಲಾಗಿದೆ ಅಷ್ಟೇ.

ಮುಟ್ಟದ ಪುಸ್ತಕಗಳಲ್ಲಿ 60ನ್ನು ಹೆಂಡತಿಯ ತವರೂರಿನ ಗ್ರಾಮ ಪಂಚಾಯಿತಿ ಲೈಬ್ರರಿಗೆ ಕೊಟ್ಟೆ. ಸಹಿ ಇರುವ ಪುಟಗಳನ್ನು ಏನು ಮಾಡೋದು ಅಂತ ಒಂದು ರಾತ್ರಿ ಯೋಚಿಸಿ, ಆ 40 ಚಿಲ್ಲರೆ ಪುಸ್ತಕ ಮನೆಯಲ್ಲೇ ಇಟ್ಟುಕೊಂಡೆ. ಅಷ್ಟು ಧೈರ್ಯ ಇನ್ನೂ ಬಂದಿಲ್ಲ.

ಒಂದು ಹೇಳಿಬಿಡುತ್ತೇನೆ. ರಾಣೆಬೆನ್ನೂರಿನ ಒಂದು ಕ್ಲಿನಿಕ್ಕಿನಲ್ಲಿ ಟೋಕನ್ ಕೊಡುವ ಹುಡುಗಿ ಇದ್ದಾಳೆ. ನಾನು ಓದೋದನ್ನು ಒಂದು ವರ್ಷದಿಂದ ನೋಡುತ್ತಿದ್ದಳು. ಕಳೆದ ತಿಂಗಳು, "ಸರ್, ನಂಗೂ ಒಂದ್ ಚೊಲೋ ಪುಸ್ತಕ ಕೊಡ್ರೀ," ಅಂದಳು. ನಾನು ಉಬ್ಬಿಹೋದೆ. ಮೂರು ದಿನ ಯೋಚಿಸಿದೆ. ಮುದ್ರಣಗಳ ಸಾಲು ನೋಡಿದೆ, 40ನೇ ಪುಟ ನೋಡಿದೆ, ದೊಡ್ಡ ಅಕ್ಷರ, ಚಿಕ್ಕ ಕಾದಂಬರಿ, ನನಗೆ ತುಂಬ ಇಷ್ಟವಾದದ್ದು. ಒಯ್ದು ಕೊಟ್ಟೆ.

ಮೂರು ವಾರ ಬಿಟ್ಟು ಹೋದಾಗ ಡ್ರಾವರಿನಿಂದ ತೆಗೆದು ವಾಪಸ್ ಕೊಟ್ಟಳು. ನಡುವೆ ಗುರುತಿಗೆ ಒಂದು ಟೋಕನ್ ಇಟ್ಟಿದ್ದಳು, ನಂಬರ್ 14. ಬಿಡಿಸಿ ನೋಡಿದೆ. 42ನೇ ಪುಟ.

"ಮುಂದ ಹೋಗ್ಲೇ ಇಲ್ರೀ ಸರ್. ಬ್ಯಾರೆ ಇದ್ರ ಕೊಡ್ರೀ."

ಏನು ಓದೋಕೆ ಇಷ್ಟ ಅಂತ ಆಗ ಕೇಳಿದೆ. ಮೊದಲೇ ಕೇಳಬೇಕಿತ್ತು. "ಪೊಲೀಸರದ್ದು, ಕೊಲಿ ಹುಡುಕೋದು," ಅಂದಳು. ನನ್ನ 412ರಲ್ಲಿ ಅಂಥದ್ದು ಒಂದೂ ಇಲ್ಲ. ಮುಂದಿನ ಮಂಗಳವಾರ ಮತ್ತೆ ರಾಣೆಬೆನ್ನೂರು ಇದೆ. ನಿಮಗೆ ಯಾವುದಾದರೂ ಗೊತ್ತಿದ್ದರೆ ಹೇಳಿ.